ಹಾಲಿನ ಬಿಲ್ಲಿನ ದುಡ್ಡು ಆಪರೇಷನ್ನಿಗೆ ಒದಗುವುದು ಹೇಗೆ?

ಕಿರುಗಾವಲು ಹೋಬಳಿಯ ನಮಗೆ ದೊಡ್ಡಾಸ್ಪತ್ರೆ ತೀರಾ ದೂರವೇನಲ್ಲ. ಬನ್ನೂರು ದಾರಿಯ ಬಸ್ಸು ಹತ್ತಿದರೆ ಮೈಸೂರು, ಈ ಕಡೆ ಹೋದರೆ ಮಂಡ್ಯ. ದೂರ ಅನ್ನಿಸುವುದು ಕೌಂಟರಿನಲ್ಲಿ ಕೇಳುವ ಮುಂಗಡ. ಭತ್ತ, ಕಬ್ಬಿನ ದುಡ್ಡು ವರ್ಷಕ್ಕೊಂದು ಎರಡು ಸಲ ಕೈಗೆ ಬರುತ್ತದೆ. ಕಾಯಿಲೆ ಅಲ್ಲಿಯವರೆಗೆ ಕಾಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಬರುವುದು ಹಾಲಿನ ಬಟವಾಡೆ ಒಂದೇ.

ಯಶಸ್ವಿನಿ ಯೋಜನೆ ಹಿಡಿದದ್ದು ಇದೇ ಎಳೆಯನ್ನು. ಇದನ್ನು ಬರೀ ‘ಸರ್ಕಾರದ ಕಾರ್ಡು’ ಅಂದುಕೊಂಡವರೇ ಹೆಚ್ಚು. ಬೇರು ಇರುವುದು ನಮ್ಮ ಸಹಕಾರ ಸಂಘಗಳಲ್ಲಿ. ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರು ಮತ್ತು ಸಹಕಾರ ಇಲಾಖೆಯವರು ಸೇರಿ ರೂಪಿಸಿದ ಈ ಯೋಜನೆಗೆ 2002ರ ನವೆಂಬರಿನಲ್ಲಿ ಚಾಲನೆ ಕೊಟ್ಟವರು ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ, ನಮ್ಮ ಮದ್ದೂರು ತಾಲೂಕಿನ ಸೋಮನಹಳ್ಳಿಯವರು. 2003ರ ಜೂನ್‌ನಿಂದ ಚಿಕಿತ್ಸೆ ಶುರುವಾಯಿತು. ಕಂತು ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60.

ಅರವತ್ತರ ಲೆಕ್ಕ

ಅರವತ್ತು ರೂಪಾಯಿಗೆ ಆಪರೇಷನ್ ಹೇಗೆ ಸಾಧ್ಯ ಅಂತ ಆಗ ಜಗಲಿ ಮೇಲೆ ವಾದ ನಡೆದದ್ದು ನೆನಪಿದೆ. ಲೆಕ್ಕ ಸುಲಭವೇ. ಮೊದಲ ವರ್ಷ ಸೇರಿದವರು ಸುಮಾರು 16 ಲಕ್ಷ. ಆದ ಆಪರೇಷನ್ ಸುಮಾರು 9,000. ಅಂದರೆ ಹೆಚ್ಚುಕಡಿಮೆ 180 ಜನರಲ್ಲಿ ಒಬ್ಬರಿಗೆ ಮಾತ್ರ ಕತ್ತರಿ ಬಿತ್ತು. 180 ಜನರ ಅರವತ್ತು ಕೂಡಿದರೆ 10,800. ಸರ್ಕಾರದ ಪಾಲು ಬೇರೆ. ಆಸ್ಪತ್ರೆಗಳೂ ಮೊದಲೇ ಒಪ್ಪಿದ ಕಡಿಮೆ ದರಕ್ಕೆ ಮಾಡಿದವು. ಖಾಲಿ ಬಿದ್ದ ಹಾಸಿಗೆಗೆ ಜನ ಬಂದರೆ ಅವರಿಗೂ ಗಿಟ್ಟುತ್ತದೆ.

ಆದರೆ ಈ ಲೆಕ್ಕ ನಿಲ್ಲಬೇಕಾದರೆ ಗಟ್ಟಿಮುಟ್ಟಾದವರೂ ಸೇರಬೇಕು. ಹೊಟ್ಟೆನೋವು ಬಂದವರು ಮಾತ್ರ ಸೇರಿದರೆ 180ಕ್ಕೆ ಒಬ್ಬರ ಬದಲು ಹತ್ತಕ್ಕೊಬ್ಬರು ಆಪರೇಷನ್ನಿಗೆ ನಿಲ್ಲುತ್ತಾರೆ, ಹುಂಡಿ ಬರಿದಾಗುತ್ತದೆ. ಮನೆಮನೆಗೆ ತಿರುಗಿ ಇಷ್ಟು ಜನರನ್ನು ಸೇರಿಸುವುದು ಯಾವ ವಿಮಾ ಕಂಪನಿಗೂ ಕಷ್ಟ. ಡೇರಿ ಕಾರ್ಯದರ್ಶಿಗೆ ಕಷ್ಟವಲ್ಲ, ಬೆಳಿಗ್ಗೆ ಸಂಜೆ ಎಲ್ಲರೂ ಕ್ಯಾನು ಹಿಡಿದು ಅವನ ಮುಂದೆಯೇ ನಿಲ್ಲುವವರು.

ಇದು ಮುಖ್ಯವಾಗಿ ಆಪರೇಷನ್ನಿಗೆ ಅಂತ ಹುಟ್ಟಿದ ಯೋಜನೆ. ಜ್ವರ, ನೆಗಡಿಗೆ ಕಾರ್ಡು ಹಿಡಿದು ಹೋಗಿ ಪ್ರಯೋಜನವಿಲ್ಲ. ಅದಕ್ಕೆ ಊರ ಹತ್ತಿರದ ಸರ್ಕಾರಿ ಆಸ್ಪತ್ರೆಯೇ ಸರಿ. ಚರ್ಮದ ಕಾಯಿಲೆಯಾದರೆ ಮಂಡ್ಯದಲ್ಲಿ 5 ರೂಪಾಯಿ ಡಾಕ್ಟರ್ ಎಂದೇ ಹೆಸರಾದ ಶಂಕರೇಗೌಡರನ್ನು ನಮ್ಮ ಜಿಲ್ಲೆಯವರಿಗೆ ಪರಿಚಯಿಸಬೇಕಿಲ್ಲ. ತಮ್ಮೂರು ಶಿವಳ್ಳಿಯ ನಂಟು ಬಿಡದೆ ಬೇಸಾಯವನ್ನೂ ಉಳಿಸಿಕೊಂಡವರು.

ನಿಂತು ಮತ್ತೆ ಬಂತು

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದ ಜೊತೆ ಸೇರಿಸಿ ನಿಲ್ಲಿಸಿದರು. ಬಿಪಿಎಲ್ ಕಾರ್ಡಿನವರಿಗೆ ಅದು ಒಳ್ಳೆಯದೇ, ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ಉಳಿದದ್ದು ಕೈಯಿಂದ. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿಯೂ ಬೇಕು. ಎರಡು ಎಕರೆ ಗದ್ದೆ ಇದ್ದು ಎಪಿಎಲ್ ಕಾರ್ಡು ಸಿಕ್ಕಿದ ನಮ್ಮಂಥವರು ನಡುವೆ ಉಳಿದೆವು.

2022ರ ನವೆಂಬರಿನಲ್ಲಿ ಯಶಸ್ವಿನಿಗೆ ಮತ್ತೆ ನೋಂದಣಿ ಶುರುವಾಗಿ 2023ರ ಜನವರಿಯಿಂದ ಜಾರಿಗೆ ಬಂತು. ಹಳ್ಳಿಯ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಆಮೇಲಿನ ಪ್ರತಿಯೊಬ್ಬರಿಗೆ 100. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದ ಮಿತಿ. ಪರಿಶಿಷ್ಟ ಜಾತಿ, ಪಂಗಡದವರ ಕಂತು ಸರ್ಕಾರದ್ದೇ.

ನಾನು ತಪ್ಪು ಮಾಡಿದ್ದು ಇಲ್ಲೇ. ನಮ್ಮ ಮನೆಯಲ್ಲಿ ಐದು ಜನ. ಅವ್ವ ಒಂದು ದಿನ ಮಲಗಿದವಳಲ್ಲ ಅಂತ ಅವಳ 100 ರೂಪಾಯಿ ಉಳಿಸಿದೆ. ಆ ವರ್ಷವೇ ಅವಳಿಗೆ ಪಿತ್ತಕೋಶದಲ್ಲಿ ಕಲ್ಲು. ರಾತ್ರಿ ನೋವು ತಡೆಯಲಾರದೆ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರಕೊಂಡು ಹೋದೆ. ಆಪರೇಷನ್, ಔಷಧಿ, ಓಡಾಟ ಎಲ್ಲಾ ಸೇರಿ ಕರೆಯುವ ಹಸು ಮಾರಬೇಕಾಯಿತು. ಯಾವ ಹಸುವಿನ ಬಿಲ್ಲಿನಲ್ಲಿ ಆ ನೂರು ಕಟ್ಟಬಹುದಿತ್ತೋ ಅದೇ ಹಸು. ಮುಂದಿನ ನೋಂದಣಿಗೆ ನಾನು ಡೇರಿಗೆ ಹೊರಟಾಗ ಅವ್ವ ಬಾಗಿಲಲ್ಲೇ ಕೇಳಿದಳು: “ಈ ಸಲನಾರ ನನ್ನೆಸ್ರು ಬರ್ಸ್ತೀಯೇನ್ಲಾ?”

ಸಂಘದವರು ಮಾಡಬೇಕಾದ್ದು

ಕೈ ಬಿಟ್ಟು ಹೋಗುವುದು ಹೀಗೆ ಚಿಕ್ಕ ಚಿಕ್ಕ ಕಾರಣಕ್ಕೆ. ಕೊನೆಯ ದಿನ ಗೊತ್ತಿರುವುದಿಲ್ಲ. ಹೊಸ ಸೊಸೆ, ಮಗುವಿನ ಹೆಸರು ಪಡಿತರ ಚೀಟಿಗೆ ಏರಿರುವುದಿಲ್ಲ. 500 ರೂಪಾಯಿ ಒಟ್ಟಿಗೆ ಆ ವಾರ ಕೈಯಲ್ಲಿರುವುದಿಲ್ಲ.

ಇಲ್ಲಿ ನಾಯಕತ್ವ ಅಂದರೆ ಭಾಷಣವಲ್ಲ, ಪಟ್ಟಿ. ನೋಂದಣಿ ತೆರೆಯುವ ಮೊದಲೇ ಕಾರ್ಯದರ್ಶಿ, ನಿರ್ದೇಶಕರು ಕೂತು ಯಾರು ಬಿಟ್ಟುಹೋಗಿದ್ದಾರೆ ಅಂತ ಬರೆಯಲಿ. ಕಂತನ್ನು ಒಂದೇ ಸಲ ಕೇಳುವ ಬದಲು ಸದಸ್ಯರ ಒಪ್ಪಿಗೆ ಪಡೆದು ಮೂರು ನಾಲ್ಕು ಬಟವಾಡೆಯಲ್ಲಿ ಮುರಿದಿಟ್ಟುಕೊಳ್ಳಬಹುದು. ಹಾಲು ಹಾಕದ ಮನೆಯವರು ಪ್ರಾಥಮಿಕ ಕೃಷಿ ಪತ್ತಿನ ಸಂಘದ ಮೂಲಕ ಸೇರಲಿ. ಹೊಸ ಸದಸ್ಯರಿಗೆ ಕೆಲವು ತಿಂಗಳು ತುಂಬಿರಬೇಕು, ಹಾಗಾಗಿ ಷೇರು ಹಣ ಕಟ್ಟುವುದನ್ನು ಮುಂದೂಡಬಾರದು.

ಕಟ್ಟಿದ ಮೇಲೆ ರಸೀದಿ ಇಸಕೊಳ್ಳಿ, ಮನೆಯ ಎಲ್ಲರ ಹೆಸರೂ ಬಂದಿದೆಯಾ ಅಲ್ಲೇ ನೋಡಿ. ಯೋಜನೆಗೆ ಸೇರಿದ ಆಸ್ಪತ್ರೆಗಳ ಪಟ್ಟಿಯನ್ನು ಡೇರಿಯ ಗೋಡೆಗೆ ಅಂಟಿಸಿಡಿ. ಆಸ್ಪತ್ರೆಗೆ ಹೋದ ಕೂಡಲೇ, ದುಡ್ಡು ಕಟ್ಟುವ ಮೊದಲೇ, ಕಾರ್ಡು ತೋರಿಸಬೇಕು. ಒಪ್ಪಿಗೆ ತರಿಸಿಕೊಳ್ಳುವುದು ಆಸ್ಪತ್ರೆಯವರ ಕೆಲಸ. ವರ್ಷ ವರ್ಷವೂ ದಿನಾಂಕ, ನಿಯಮ ಬದಲಾಗುವುದುಂಟು. ಸಂಘದಲ್ಲಿ ಕೇಳಿಯೇ ಮುಂದುವರಿಯಿರಿ.