ಸ್ಟೋರೇಜ್ ರೀಸ್ಕ್ಯಾನ್

ಸ್ಟೋರೇಜ್ ರೀಸ್ಕ್ಯಾನ್ ಎಂಬುದು ಹಲವು ವರ್ಚುವಲ್ ಯಂತ್ರಗಳನ್ನು ನಡೆಸುವ ಆತಿಥೇಯ ಗಣಕವು ಹೊಸ ಡಿಸ್ಕ್‌ಗಳನ್ನು ಗುರುತಿಸಲು ತನ್ನ ಸಂಪರ್ಕಗಳನ್ನು ಮರುಪರಿಶೀಲಿಸುವ ಕ್ರಿಯೆ. ಶೇಖರಣಾ ವ್ಯವಸ್ಥೆಯಲ್ಲಿ ಡಿಸ್ಕೊಂದನ್ನು ಗಣಕಕ್ಕೆ ಒಪ್ಪಿಸಿದ ಮಾತ್ರಕ್ಕೆ ಅದು ಕೂಡಲೇ ಕಾಣಿಸದಿರಬಹುದು. ಗಣಕವನ್ನು ಮರುಪ್ರಾರಂಭಿಸಿದರೆ ಕಂಡೀತು. ಆದರೆ ಅದರಲ್ಲಿ ನಡೆಯುತ್ತಿರುವ ಯಂತ್ರಗಳನ್ನೆಲ್ಲ ನಿಲ್ಲಿಸಬೇಕು, ಇಲ್ಲವೇ ಬೇರೆಡೆಗೆ ಸಾಗಿಸಬೇಕು. ರೀಸ್ಕ್ಯಾನ್ ಈ ತೊಡಕನ್ನು ತಪ್ಪಿಸುತ್ತದೆ.

ವಿಎಂವೇರ್ ಸಂಸ್ಥೆಯ ಇಎಸ್‌ಎಕ್ಸ್‌ಐ ತಂತ್ರಾಂಶದಲ್ಲಿ ಇದಕ್ಕೆ ಪ್ರತ್ಯೇಕ ಆಯ್ಕೆಯಿದೆ. ಲಿನಕ್ಸ್‌ನಲ್ಲಿ ಸ್ಕಸಿ ಅಡಾಪ್ಟರಿನ ‘ಸ್ಕ್ಯಾನ್’ ಕಡತಕ್ಕೆ, ನಡುವೆ ತೆರಪು ಬಿಟ್ಟು, ಮೂರು ಅಡ್ಡಗೆರೆಗಳನ್ನು ಬರೆಯಬೇಕು. ಅವು ಕ್ರಮವಾಗಿ ಎಲ್ಲ ಚಾನೆಲ್, ಎಲ್ಲ ಟಾರ್ಗೆಟ್, ಎಲ್ಲ ಲನ್ ಎಂಬುದನ್ನು ಸೂಚಿಸುತ್ತವೆ.

ಹೊಸದಾಗಿ ಕಂಡ ಡಿಸ್ಕ್ ಖಾಲಿಯೇ ಆಗಿರಬೇಕೆಂದಿಲ್ಲ. ಮತ್ತೊಂದು ಗಣಕವು ಬಳಸುತ್ತಿರುವ ಡಿಸ್ಕ್ ತಪ್ಪಾಗಿ ಹಂಚಿಕೆಯಾಗಿದ್ದರೂ ಹೀಗೆಯೇ ಕಾಣಿಸುತ್ತದೆ. ಅದನ್ನು ಫಾರ್ಮ್ಯಾಟ್ ಮಾಡಿದರೆ ದತ್ತಾಂಶ ನಾಶವಾಗುತ್ತದೆ. ಆದುದರಿಂದ ಮೊದಲು ಗುರುತುಸಂಖ್ಯೆ, ಗಾತ್ರಗಳನ್ನು ತಾಳೆ ನೋಡಬೇಕು.