ವಿಂಚ್ ಕೈಕೊಡುವುದು ಎಲ್ಲಿ?

ಕೆಸರಲ್ಲಿ ಹೂತ ಜೀಪನ್ನು ಎಳೆಯಬೇಕಾದ ವಿಂಚ್ ‘ಟಿಕ್’ ಎಂದು ಸುಮ್ಮನಾದರೆ ಹೆಚ್ಚಿನವರು ಮೊದಲು ಬೈಯುವುದು ಮೋಟರನ್ನು. ಮೋಟರು ಬಿಚ್ಚುವ ಮುನ್ನ ಬ್ಯಾಟರಿಯಿಂದ ಅಲ್ಲಿಯವರೆಗಿನ ದಾರಿ ನೋಡಿ. ಬ್ಯಾಟರಿ ಟರ್ಮಿನಲ್ಲುಗಳು, ಐಸೊಲೇಟರ್ ಸ್ವಿಚ್ಚು, ಸೊಲೆನಾಯ್ಡ್ ಪೆಟ್ಟಿಗೆಯ ಬೋಲ್ಟುಗಳು, ಮೋಟರಿನ ಸ್ಟಡ್ಡುಗಳು, ಅರ್ಥ್ ವೈರು: ತೊಂದರೆ ಅಡಗಿರುವುದು ಬಹುಪಾಲು ಈ ಜೋಡಣೆಗಳಲ್ಲೇ.

ಕಾರಣ ಕರೆಂಟಿನ ಪ್ರಮಾಣ. ಹೆಡ್‌ಲೈಟಿನ ಸಾಮಾನ್ಯ ಹ್ಯಾಲೋಜನ್ ಬಲ್ಬಿಗೆ 5 ಆಂಪಿಯರ್ ಸಾಕು. ಥಾರ್, ಜಿಪ್ಸಿಯಂಥ ಗಾಡಿಗಳಿಗೆ ಹಾಕುವ 9,500 ಪೌಂಡಿನ (ಸುಮಾರು 4,300 ಕಿಲೋ) 12 ವೋಲ್ಟ್ ವಿಂಚ್ ಪೂರ್ತಿ ಭಾರ ಬಿದ್ದಾಗ 400 ಆಂಪಿಯರ್ ಸುತ್ತಮುತ್ತ ಕೇಳುತ್ತದೆ. ಕೇಬಲ್ ತುದಿಯ, ಕಿಲುಬು ಹಿಡಿದ ಒಂದು ಲಗ್ಗಿನಲ್ಲಿ ಬರೀ 0.005 ಓಮ್ ರೋಧ ಇದೆಯೆನ್ನಿ. ಅಲ್ಲಿ 2 ವೋಲ್ಟ್ ಸೋರಿಹೋಗಿ 800 ವಾಟ್ ಶಾಖ ಹುಟ್ಟುತ್ತದೆ. ಒಂದು ಇಸ್ತ್ರಿಪೆಟ್ಟಿಗೆಯ ಶಾಖ ಬೆರಳಗಲದ ತಾಮ್ರದ ಮೇಲೆ! ವೈರಿನ ಸಿಪ್ಪೆ ಕರಗುತ್ತದೆ, ನಟ್ಟು ಸಡಿಲಾಗುತ್ತದೆ, ಸಡಿಲಾದಷ್ಟೂ ರೋಧ ಏರುತ್ತದೆ.

ವೋಲ್ಟೇಜ್ ಕುಸಿದಾಗ ಇನ್ನೊಂದು ಅಪಾಯ ಸೊಲೆನಾಯ್ಡಿನೊಳಗೆ ಕಾದಿರುತ್ತದೆ. ರಿಮೋಟಿನ ಗುಂಡಿ ಒತ್ತಿದಾಗ ಅದರ ಸುರುಳಿ ಕಾಂತವಾಗಿ ಎರಡು ದಪ್ಪ ಲೋಹದ ತುಂಡುಗಳನ್ನು ಕೂಡಿಸುತ್ತದೆ. ವೋಲ್ಟೇಜ್ ಸಾಲದಿದ್ದರೆ ಹಿಡಿತ ಸಡಿಲವಾಗಿ ಅವು ಪಟಪಟ ಬಡಿದುಕೊಳ್ಳುತ್ತವೆ, ಪ್ರತಿ ಬಡಿತಕ್ಕೂ ಕಿಡಿ ಹಾರುತ್ತದೆ, ಕೊನೆಗೆ ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಆಮೇಲೆ ಗುಂಡಿ ಬಿಟ್ಟರೂ ವಿಂಚ್ ನಿಲ್ಲುವುದಿಲ್ಲ. ಕೊಕ್ಕೆ ಮುಂದೆ ಬಂದು ಬಂಪರಿಗೆ ಬಡಿದರೂ ಹಗ್ಗ ಎಳೆಯುತ್ತಲೇ ಇರುತ್ತದೆ. ಎದುರಿಗೆ ಯಾರಾದರೂ ನಿಂತಿದ್ದರೆ ಏನಾದೀತು, ಯೋಚಿಸಿ. ಅದಕ್ಕೇ ಕೈಗೆ ತಕ್ಷಣ ಸಿಗುವಂತೆ, ಬ್ಯಾಟರಿಯ ಹತ್ತಿರವೇ, ಅಷ್ಟು ಕರೆಂಟ್ ತಾಳುವ ಐಸೊಲೇಟರ್ ಸ್ವಿಚ್ಚು ಇರಲೇಬೇಕು. ವಿಂಚಿನ ಮುಖ್ಯ ಕೇಬಲ್ಲಿಗೆ ಫ್ಯೂಸ್ ಹಾಕದಿರುವುದೇ ಹೆಚ್ಚಿನ ಕಡೆ ರೂಢಿ. ಹಾಗಾಗಿ ಬಂಪರಿನ ಅಂಚಿಗೆ ಉಜ್ಜಿ ಸಿಪ್ಪೆ ಹೋದ ಪಾಸಿಟಿವ್ ಕೇಬಲ್ ಗಾಡಿಗೇ ಬೆಂಕಿ ಹಚ್ಚಬಲ್ಲದು. ಹಣ ಕಡಿಮೆಯಿದ್ದರೆ ಬಂಪರ್ ಮೇಲಿನ ಹೆಚ್ಚುವರಿ ದೀಪಗಳನ್ನು ಬಿಡಿ, ಈ ಸ್ವಿಚ್ಚನ್ನು ಬಿಡಬೇಡಿ. ವಿಂಚ್ ಬೇಡದಾಗ ಅದು ಆಫ್ ಆಗಿರಲಿ.

ಬ್ಯಾಟರಿ ಮುಂದೆಯೇ ಇದ್ದರೆ 35 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಸಾಮಾನ್ಯವಾಗಿ ಸಾಕು. ಸೀಟಿನಡಿಗೋ ಹಿಂದಕ್ಕೋ ಸರಿಸಿದ್ದರೆ 50 ಅಥವಾ 70 ಬೇಕು. ಲಗ್ಗನ್ನು ಸುತ್ತಿಗೆಯಲ್ಲಿ ಜಜ್ಜದೆ ಹೈಡ್ರಾಲಿಕ್ ಕ್ರಿಂಪಿಂಗ್ ಉಪಕರಣದಲ್ಲಿ ಒತ್ತಿಸಿ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ. ನೆಗೆಟಿವ್ ಕೇಬಲ್ಲನ್ನು ಚಾಸಿಗೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಪೇಂಟು, ತುಕ್ಕು ಎರಡೂ ಅಲ್ಲಿ ಅಡ್ಡಬರುತ್ತವೆ. ನೇರ ಬ್ಯಾಟರಿಗೇ ಬರಲಿ.

ಜೋಡಣೆ ಸರಿಯಿದೆಯೇ ಎಂದು ನೋಡಲು ಕಣ್ಣು ಸಾಲದು, ಮಲ್ಟಿಮೀಟರ್ ಬೇಕು. ಡಿಸಿ ವೋಲ್ಟಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಸೀಸದ ಕಂಬಕ್ಕೇ, ಇನ್ನೊಂದನ್ನು ಮೋಟರಿನ ಅರ್ಥ್ ಸ್ಟಡ್ಡಿಗೆ ಕ್ಲಿಪ್ ಮಾಡಿ. ಹಗ್ಗದ ನೇರಕ್ಕೆ ನಿಲ್ಲದೆ, ನಿಜವಾದ ಭಾರ ಎಳೆಯಲು ಬಿಡಿ. ಅರ್ಧ ವೋಲ್ಟಿನೊಳಗೆ ತೋರಿಸಿದರೆ ಚಿಂತೆಯಿಲ್ಲ. ಹೆಚ್ಚಿದ್ದರೆ ವಿಂಚ್ ನಿಲ್ಲಿಸಿ, ಮೋಟರ್ ಕಡೆಯ ಕಡ್ಡಿಯನ್ನು ಒಂದೊಂದೇ ಜೋಡಣೆ ಬ್ಯಾಟರಿಯತ್ತ ಸರಿಸಿ ಮತ್ತೆ ಅಳೆಯುತ್ತ ಬನ್ನಿ. ಯಾವ ನಟ್ಟು ದಾಟಿದಾಗ ಅಂಕಿ ದಿಢೀರ್ ಇಳಿಯಿತೋ ಕಳ್ಳ ಅಲ್ಲಿದ್ದಾನೆ. ಪಾಸಿಟಿವ್ ಕಡೆಗೂ ಇದೇ ಕ್ರಮ.

ಸಕಲೇಶಪುರ, ಕೊಡಗಿನ ಮಳೆಗಾಲದಲ್ಲಿ ಓಡಾಡುವವರು ನೀರಿನ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ದುಡಿದು ಬಿಸಿಯಾದ ಮೋಟರು ತಣ್ಣನೆಯ ಹಳ್ಳಕ್ಕಿಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಹಗ್ಗವನ್ನು ಮೋಟರಿನಲ್ಲೇ ಬಿಚ್ಚಿ ಸುತ್ತಿದರೆ ಒಳಗಿನ ಪಸೆ ಆರಲು ಸಹಾಯವಾಗುತ್ತದೆ. ರಿಮೋಟ್ ಸಾಕೆಟ್ಟಿನ ರಬ್ಬರ್ ಮುಚ್ಚಳ ಕಳೆದಿದ್ದರೆ ಇವತ್ತೇ ಹೊಸದು ಹಾಕಿ. ವಾಟರ್ ಸರ್ವೀಸಿನವರಿಗೆ ಸೊಲೆನಾಯ್ಡ್ ಪೆಟ್ಟಿಗೆಗೆ ನೇರವಾಗಿ ನೀರು ಹೊಡೆಯಬೇಡಿ ಎಂದು ಹೇಳಿ.

ಎಳೆಯುವಾಗ ಎಂಜಿನ್ ಓಡುತ್ತಿರಲಿ. ಆದರೂ ಆಲ್ಟರ್ನೇಟರ್ ಕೊಡುವುದು ನೂರು ಆಂಪಿಯರಿನ ಆಸುಪಾಸು ಮಾತ್ರ, ಉಳಿದದ್ದು ಬ್ಯಾಟರಿಯಿಂದಲೇ ಹೋಗಬೇಕು. ಹಾಗಾಗಿ ಭಾರ ಹೆಚ್ಚಿದ್ದರೆ ಒಂದು ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಎಳೆಯಬೇಡಿ. ಹಗ್ಗವನ್ನು ಮರದ ಬಳಿ ಸ್ನ್ಯಾಚ್ ಬ್ಲಾಕ್ ಎಂಬ ರಾಟೆಯ ಮೂಲಕ ಹಾಯಿಸಿ ಗಾಡಿಗೇ ತಂದು ಕಟ್ಟಿದರೆ ವಿಂಚಿನ ಮೇಲಿನ ಭಾರ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಕರೆಂಟೂ ಬಹಳ ಇಳಿಯುತ್ತದೆ. ಬ್ಲಾಕ್ ಇಲ್ಲದಿದ್ದರೆ ದೂರದ ಮರ ಆರಿಸಿ. ಕಂಪನಿ ಹೇಳುವ ಪೂರ್ತಿ ಶಕ್ತಿ ಡ್ರಮ್ಮಿನ ಮೊದಲ ಪದರದಲ್ಲಿ ಮಾತ್ರ ಸಿಗುವುದು. ಪದರ ಏರಿದಂತೆ ಎಳೆತ ಕುಗ್ಗುತ್ತದೆ, ಅದೇ ಭಾರಕ್ಕೆ ಮೋಟರು ಹೆಚ್ಚು ಕರೆಂಟ್ ಕೇಳುತ್ತದೆ.