ಗೇರುಬೀಜ ಸುಡುವ ಹೊತ್ತು

ಏಪ್ರಿಲ್ ತಿಂಗಳ ಇಳಿಹೊತ್ತು. ಪುತ್ತೂರು, ಬೆಳ್ತಂಗಡಿ, ಕಾರ್ಕಳದ ಕಡೆಯ ಹಳ್ಳಿದಾರಿಯಲ್ಲಿ ಹೋಗುತ್ತಿದ್ದರೆ ಯಾವುದೋ ಮನೆಯ ಹಿತ್ತಿಲಿನಿಂದ ಕಪ್ಪು ಹೊಗೆ ದಟ್ಟವಾಗಿ ಏಳುವುದು ಕಾಣುತ್ತದೆ. ಊರಿಗೆ ಹೊಸಬರಾದವರು ಎಲ್ಲೋ ಬೆಂಕಿ ಬಿತ್ತೆಂದು ಗಾಬರಿಯಾದಾರು. ಊರಿನವರು ಗಾಳಿಯನ್ನೊಮ್ಮೆ ಮೂಸಿ, 'ಬೀಜ ಸುಡ್ತಿದ್ದಾರೆ' ಎಂದು ಮುಂದೆ ನಡೆಯುತ್ತಾರೆ. ಆ ಹೊಗೆಗೆ ಮೊದಲು ಟಾರಿನ ಘಾಟು. ಸ್ವಲ್ಪ ಹೊತ್ತಿಗೆ ಘಾಟು ಹಿಂದೆ ಸರಿದು, ಹುರಿದ ಗೋಡಂಬಿಯ ಸಿಹಿಗಂಪು ಮುಂದೆ ಬರುತ್ತದೆ. ಕರಾವಳಿಯಲ್ಲಿ ಬೇಸಿಗೆ ರಜೆಗೆ ಇಂಥದೇ ಒಂದು ವಾಸನೆ ಇದೆ.

ಸುಡುವ ಕೆಲಸ ಶುರುವಾಗುವುದು ಗುಡ್ಡೆಯಲ್ಲಿ. ಫೆಬ್ರವರಿ ಕೊನೆಯಿಂದ ಮೇ ತನಕ ಗೇರುಮರದ ಬುಡದಲ್ಲಿ ಹಳದಿ, ಕೆಂಪು ಹಣ್ಣುಗಳು ತರಗೆಲೆಯ ಮೇಲೆ ಬಿದ್ದಿರುತ್ತವೆ. ನಾವು ಹಣ್ಣು ಎನ್ನುವ ರಸಭರಿತ ಭಾಗ ಸಸ್ಯಶಾಸ್ತ್ರದ ಪ್ರಕಾರ ಊದಿಕೊಂಡ ತೊಟ್ಟು. ಅದರ ತುದಿಯಲ್ಲಿ ಹೊರಗೇ ಜೋತುಬಿದ್ದಿರುವ ಬೂದುಬಣ್ಣದ ಬೀಜವೇ ನಿಜವಾದ ಕಾಯಿ. ಹಣ್ಣನ್ನು ಒಂದು ಕೈಯಲ್ಲಿ ಹಿಡಿದು ಬೀಜವನ್ನು ತಿರುಚಿದರೆ ಕಳಚಿ ಬರುತ್ತದೆ. ಹಣ್ಣು ಬಾಯಿಗೆ, ಇಲ್ಲವೇ ದನದ ಬಾನಿಗೆ, ಬೀಜ ಬುಟ್ಟಿಗೆ. ಬುಟ್ಟಿ ತುಂಬಿದರೆ ಹೆಚ್ಚಿನ ಪಾಲು ಊರಿನ ಅಂಗಡಿಗೆ ಹೋಗುತ್ತದೆ. ಮಕ್ಕಳ ಕಿಸೆಯ ಬೀಜಗಳು ಅದೇ ಅಂಗಡಿಯಲ್ಲಿ ಐಸ್‌ಕ್ಯಾಂಡಿಯಾಗುತ್ತವೆ. ಮನೆಗೆಂದು ಉಳಿಸಿಕೊಂಡದ್ದು ಅಂಗಳದ ಬಿಸಿಲಿನಲ್ಲಿ ಎರಡು-ಮೂರು ದಿನ ಒಣಗುತ್ತದೆ. ಸುಡುವ ಮುಂಚೆ ಅನುಭವಸ್ಥರು ಒಂದು ಹಿಡಿಯನ್ನು ನೀರಿಗೆ ಹಾಕಿ ನೋಡುತ್ತಾರೆ. ಮುಳುಗಿದ್ದು ತುಂಬಿದ ಬೀಜ, ತೇಲಿದ್ದು ಜೊಳ್ಳು.

ಬೀಜ ಸುಡುವ ಜಾಗ ಅಡುಗೆಮನೆಯಲ್ಲ. ಹಿತ್ತಿಲಿನಲ್ಲಿ, ಬಾವಿಯಿಂದಲೂ ಹುಲ್ಲಿನ ಮಾಡಿನಿಂದಲೂ ದೂರವಾಗಿ, ಗಾಳಿ ಯಾವ ಕಡೆಗೆ ಬೀಸುತ್ತದೆಂದು ನೋಡಿಕೊಂಡು ಮೂರು ಕಲ್ಲು ಹೂಡುತ್ತಾರೆ. ಒಣಗಿದ ಮಡಲು, ಗೆರಟೆ, ಅಡಿಕೆಯ ಸೋಗೆ ಉರಿಗೆ. ಮೇಲೆ ಹಳೆಯ ಎಣ್ಣೆ ಡಬ್ಬವನ್ನು ಸೀಳಿ ಬಿಡಿಸಿದ ತಗಡು. ಅದಕ್ಕೆ ಮೊಳೆಯಿಂದ ಹೊಡೆದ ಸಾಲುಸಾಲು ತೂತು. ತಗಡೂ ಇಲ್ಲದಿದ್ದರೆ ತರಗೆಲೆಯ ರಾಶಿಯೊಳಗೆ ಬೀಜ ಹುಗಿದು ಬೆಂಕಿ ಹಚ್ಚಿದರಾಯಿತು. ಕೈಯಲ್ಲಿ ಮಾರುದ್ದದ ಹಸಿ ಕೋಲು, ಪಕ್ಕದಲ್ಲಿ ಒಂದು ಬುಟ್ಟಿ ಮರಳು ಅಥವಾ ಬೂದಿ. ಮರಳು ಹತ್ತಿರ ಇಟ್ಟುಕೊಳ್ಳದೆ ಬೆಂಕಿ ಹಚ್ಚಲು ಅಜ್ಜಿಯಂದಿರು ಬಿಡುವುದಿಲ್ಲ.

ತಗಡು ಕಾದಂತೆ ಬೀಜ ಮೊದಲು ಬೆವರುತ್ತದೆ. ಬೂದುಬಣ್ಣ ಕಳೆದು ಸಿಪ್ಪೆ ಕಪ್ಪಾಗಿ ಮಿರುಗುತ್ತದೆ. ಆಮೇಲೆ 'ಸುಂಯ್' ಎಂಬ ಸದ್ದು. ಚಿಪ್ಪಿನ ಯಾವುದೋ ಬಿರುಕಿನಿಂದ ಸೊನೆ ಪಿಚಕಾರಿಯಂತೆ ಚಿಮ್ಮಿ, ಚಿಮ್ಮಿದಲ್ಲೇ ಬೆಂಕಿ ಹಿಡಿದು, ಗೇಣುದ್ದದ ಹಳದಿ ನಾಲಿಗೆಯಾಗುತ್ತದೆ. ಒಂದು ಬೀಜ ಹೊತ್ತಿದರೆ ಪಕ್ಕದ್ದೂ ಹೊತ್ತುತ್ತದೆ. ಕ್ಷಣದಲ್ಲಿ ತಗಡು ಪೂರ್ತಿ ಉರಿ. ಇನ್ನು ಕೆಳಗಿನ ಒಲೆಗೆ ಕೆಲಸವಿಲ್ಲ, ಬೀಜ ತನ್ನ ಎಣ್ಣೆಯಲ್ಲೇ ತಾನು ಸುಟ್ಟುಕೊಳ್ಳುತ್ತದೆ. ಕೋಲು ಹಿಡಿದವರು ಮುಖ ಆಚೆ ತಿರುಗಿಸಿ, ಬೀಜಗಳನ್ನು ಮಗುಚುತ್ತ ಲೆಕ್ಕ ಹಾಕುವ ಹೊತ್ತು ಇದು. ಬೇಗ ಇಳಿಸಿದರೆ ಚಿಪ್ಪಿನಲ್ಲಿ ಸೊನೆ ಉಳಿದು ಕೈ-ಬಾಯಿ ಸುಡುತ್ತದೆ. ತಡಮಾಡಿದರೆ ತಿರುಳೂ ಇದ್ದಿಲು. ಚಿಮ್ಮುವ ಸದ್ದು ಇಳಿದು, ಚಿಪ್ಪು ಉಬ್ಬಿ, ಗರಿಗರಿಯಾದಂತೆ ಕಂಡ ಕೂಡಲೇ ಕೋಲಿನಿಂದ ತಗಡನ್ನು ಮಗುಚಿ ಬೀಜವನ್ನು ನೆಲಕ್ಕೆ ಕೆಡವಿ ಮೇಲೆ ಮರಳು ಸುರಿಯಬೇಕು. ಮರಳು ಉರಿಯನ್ನು ನಂದಿಸುತ್ತದೆ, ಉಳಿದ ಸೊನೆಯನ್ನೂ ಹೀರಿಕೊಳ್ಳುತ್ತದೆ. ಸುಡುವ ಕಲೆಯೆಲ್ಲ ಇರುವುದು ನಿಲ್ಲಿಸುವ ಗಳಿಗೆಯಲ್ಲಿ.

ಈ ಸೊನೆ ಸಾಮಾನ್ಯದ್ದಲ್ಲ. ಗೇರು, ಮಾವು, ಬಟ್ಟೆಗೆ ಗುರುತು ಹಾಕಲು ಅಗಸರು ಬಳಸುತ್ತಿದ್ದ ಕಾಡುಗೇರು, ಇವೆಲ್ಲ ಒಂದೇ ಕುಟುಂಬದ ಮರಗಳು. ಚರ್ಮ ಸುಡುವ ಗುಣ ಮೂರರ ಸೊನೆಗೂ ಇದೆ. ಗೇರುಬೀಜದ ಚಿಪ್ಪು ಎರಡು ಪದರದ್ದು. ನಡುವೆ ಜೇನುಗೂಡಿನಂಥ ಕೋಶಗಳು, ಅವುಗಳ ತುಂಬ ಈ ಎಣ್ಣೆ. ಹಸಿ ಚಿಪ್ಪಿನ ತೂಕದಲ್ಲಿ ಸುಮಾರು ಕಾಲುಭಾಗ ಎಣ್ಣೆಯೇ ಇರುತ್ತದೆ. ಪೈಂಟು, ವಾಹನಗಳ ಬ್ರೇಕ್ ಲೈನಿಂಗ್, ದೋಣಿಗೆ ಬಳಿಯುವ ಲೇಪ, ಹೀಗೆ ಉದ್ಯಮದಲ್ಲಿ ಅದಕ್ಕೆ ಬೆಲೆಯುಂಟು. ಹಸಿ ಬೀಜ ಕಚ್ಚಿದ ಮಗುವಿನ ತುಟಿಗೆ ಮಾತ್ರ ವಾರಗಟ್ಟಲೆ ಗಾಯ.

ಬೀಜ ಸ್ವಲ್ಪ ಆರಿದ ಮೇಲೆ ಜಜ್ಜುವ ಸಂಭ್ರಮ. ಮುರಕಲ್ಲಿನ ಮೆಟ್ಟಿಲ ಮೇಲೆ ಮನೆಮಂದಿ ಸಾಲಾಗಿ ಕುಳಿತು, ಕೈಗೆ ಬೂದಿ ತಿಕ್ಕಿಕೊಂಡು, ಬೀಜದ ಬೆನ್ನು ಮೇಲೆ ಬರುವಂತೆ ನಿಲ್ಲಿಸಿ ಗುಂಡುಕಲ್ಲಿನಿಂದ ಮೆಲ್ಲಗೆ ಬಡಿಯುತ್ತಾರೆ. ಪೆಟ್ಟು ಹದವಾಗಿ ಬಿದ್ದರೆ ಚಿಪ್ಪು ಎರಡು ಹೋಳಾಗಿ ಬಾಯಿಬಿಟ್ಟು, ಒಳಗೆ ಕಂದುಬಣ್ಣದ ತೆಳುಸಿಪ್ಪೆ ಹೊದ್ದ ಇಡೀ ಗೋಡಂಬಿ ಕಾಣುತ್ತದೆ. ಜೋರಾದರೆ ನಾಲ್ಕು ಚೂರು. ಸಿಪ್ಪೆಯನ್ನು ಉಗುರಿನಲ್ಲಿ ಉಜ್ಜಿದರೆ ತಿರುಳಿನ ಮೇಲೆ ಅಲ್ಲಲ್ಲಿ ಹೊಂಬಣ್ಣ, ಅಂಚಿನಲ್ಲಿ ಕಪ್ಪು ಕಲೆ. ಅದನ್ನು ಬಿಸಿ ಇರುವಾಗಲೇ ಒಂದು ತುಂಡು ಬೆಲ್ಲದೊಂದಿಗೆ ಬಾಯಿಗೆ ಹಾಕಿಕೊಳ್ಳಬೇಕು. ಮೊದಲು ಕುರುಕು, ಆಮೇಲೆ ಬೆಣ್ಣೆ, ಕೊನೆಗೆ ನಾಲಿಗೆಯ ಹಿಂಬದಿಯಲ್ಲಿ ನಿಲ್ಲುವ ಹೊಗೆಯ ರುಚಿ. ಬೆರಳಿನ ಕಪ್ಪು ಸೋಪಿಗೂ ಜಗ್ಗದೆ ಮರುದಿನದವರೆಗೂ ಉಳಿಯುತ್ತದೆ. ಖಾಲಿ ಚಿಪ್ಪು ಬಚ್ಚಲೊಲೆಗೆ ಹೋಗುತ್ತದೆ. ಉಳಿದ ಎಣ್ಣೆಯಂಶದಿಂದ ಅದು ಚೆನ್ನಾಗಿ ಉರಿಯುತ್ತದೆ.

ಪೇಟೆಯ ಅಂಗಡಿಯಲ್ಲಿ ಪ್ಯಾಕೆಟ್ ಕಟ್ಟಿಟ್ಟ ಬಿಳಿ ಗೋಡಂಬಿಗೆ ಈ ರುಚಿ ಏಕಿಲ್ಲ? ಕಾರಣ ಸರಳ. ಇಂದಿನ ಬಹುತೇಕ ಕಾರ್ಖಾನೆಗಳಲ್ಲಿ ಬೀಜವನ್ನು ಆವಿಯಲ್ಲಿ ಬೇಯಿಸಿ, ಚಿಪ್ಪು ಕತ್ತರಿಸಿ, ತಿರುಳನ್ನು ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸುತ್ತಾರೆ. ಒಳಸಿಪ್ಪೆ ಸುಲಭವಾಗಿ ಬಿಡಲಿ, ಬಣ್ಣ ಬಿಳಿಯಾಗಿಯೇ ಉಳಿಯಲಿ ಎಂಬುದು ಉದ್ದೇಶ. ಹಾಗೆ ಬಂದ ಗೋಡಂಬಿ ಒಣಗಿದ್ದೇ ಹೊರತು ಹುರಿದದ್ದಲ್ಲ. ಹುರಿದ ಪರಿಮಳ ಹುಟ್ಟುವುದು ತಿರುಳಿನ ಸಕ್ಕರೆ ಮತ್ತು ಪ್ರೋಟೀನ್ ಹೆಚ್ಚಿನ ಶಾಖದಲ್ಲಿ ಕೂಡಿ ಕಂದುಬಣ್ಣಕ್ಕೆ ತಿರುಗಿದಾಗ. ಮಾರುಕಟ್ಟೆ ಬೆಲೆ ಕಟ್ಟುವುದೂ ಬಿಳುಪಿಗೆ, ಇಡಿತನಕ್ಕೆ, ಗಾತ್ರಕ್ಕೆ. 'ಡಬ್ಲ್ಯು 320' ಎಂದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, 300ರಿಂದ 320 ಇಡೀ ಬಿಳಿ ಗೋಡಂಬಿ. 'ಡಬ್ಲ್ಯು 240' ಅದಕ್ಕಿಂತ ದೊಡ್ಡದು, ದುಬಾರಿ. ಕಂದು ಕಲೆ ಬಿದ್ದದ್ದು, ತುಂಡಾದದ್ದು ಕೆಳಗಿನ ದರ್ಜೆಗೆ ಇಳಿಯುತ್ತದೆ. ಆ ಲೆಕ್ಕದಲ್ಲಿ ಹಿತ್ತಿಲಿನ ಗೋಡಂಬಿಗೆ ದರ್ಜೆಯೇ ಸಿಗಲಾರದು. ಆದರೆ ಮಾರುಕಟ್ಟೆ ದೋಷವೆಂದು ಬದಿಗಿಡುವ ಆ ಕಂದು ಕಲೆಯಲ್ಲೇ ಗೋಡಂಬಿಯ ಪೂರ್ಣ ರುಚಿ ಇರುವುದು.

ಇಷ್ಟು ನಮ್ಮದಾಗಿರುವ ಈ ಮರ ಬಂದದ್ದು ಬ್ರೆಜಿಲ್‌ನಿಂದ, 16ನೇ ಶತಮಾನದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ. ಬೇರೇನೂ ಬೆಳೆಯದ ಮುರಕಲ್ಲಿನ ಬೋಳುಗುಡ್ಡಗಳಲ್ಲಿ ಅದು ಬೇರುಬಿಟ್ಟಿತು. ಕೊಂಕಣಿ ಮನೆಗಳಲ್ಲಿ ಯುಗಾದಿಯ ಹೊತ್ತಿಗೆ ಎಳೆಯ ಗೋಡಂಬಿಯನ್ನು ತೊಂಡೆಕಾಯಿಯ ಜೊತೆ ಹಾಕಿ ಉಪ್ಕರಿ ಎಂಬ ಪಲ್ಯ ಮಾಡುತ್ತಾರೆ. ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ಗೇರು ಸಂಶೋಧನಾ ಕೇಂದ್ರ ಹೊಸ ತಳಿಗಳನ್ನು ಕೊಟ್ಟಿದೆ. ಹಳೆಯ ಗುಡ್ಡೆಮರದ ಬೀಜ 5-6 ಗ್ರಾಂ ತೂಗಿದರೆ ಜಂಬೋ ತಳಿಯದ್ದು 10 ಗ್ರಾಂ ದಾಟುತ್ತದೆ.

ಆದರೂ ಹಿತ್ತಿಲಿನ ಹೊಗೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಎಷ್ಟೋ ಗೇರುಗುಡ್ಡೆಗಳಲ್ಲಿ ಈಗ ರಬ್ಬರ್ ಇದೆ. ಇದ್ದ ಬೀಜಕ್ಕೆ ಅಂಗಡಿಯಲ್ಲಿ ಒಳ್ಳೆಯ ಬೆಲೆಯಿದೆ. ಕೈ ಕಪ್ಪು ಮಾಡಿಕೊಂಡು ಜಜ್ಜುವ ಪುರುಸೊತ್ತು ಯಾರಿಗೂ ಇಲ್ಲ.

ಊರಿನ ಗುಡ್ಡೆಯಲ್ಲಿ ಇನ್ನೂ ಒಂದು ಗೇರುಮರ ಉಳಿದಿರುವವರಿಗೆ ಒಂದು ಮಾತು. ಈ ಬೇಸಿಗೆಯಲ್ಲಿ ಬೀಜವೆಲ್ಲವನ್ನೂ ಮಾರಿಬಿಡಬೇಡಿ. ಎರಡು ಸೇರು ಉಳಿಸಿ, ಸುಟ್ಟು ಗೊತ್ತಿರುವ ಹಿರಿಯರನ್ನು ಕೂರಿಸಿಕೊಂಡು ಮಕ್ಕಳ ಎದುರು ಸುಡಿ. ಬಯಲಿನಲ್ಲೇ ಸುಡಿ, ಹೊಗೆಯ ಎದುರು ನಿಲ್ಲಬೇಡಿ, ಮಕ್ಕಳನ್ನು ನಾಲ್ಕು ಮಾರು ದೂರ ನಿಲ್ಲಿಸಿ. ಚಿಪ್ಪಿರುವ ಬೀಜವನ್ನು ಗ್ಯಾಸ್ ಒಲೆಯ ಮೇಲೆ ಎಂದೂ ಇಡಬೇಡಿ. ಪೇಟೆಯಲ್ಲಿರುವವರು ಸುಲಿದ ಗೋಡಂಬಿಯನ್ನೇ ದಪ್ಪತಳದ ಬಾಣಲೆಗೆ ಹಾಕಿ, ಎಣ್ಣೆ-ತುಪ್ಪವಿಲ್ಲದೆ ಸಣ್ಣ ಉರಿಯಲ್ಲಿ ಕೈಬಿಡದೆ ಆಡಿಸಿ. ತಿಳಿಹೊಂಬಣ್ಣ ಬಂದ ಕೂಡಲೇ ತಟ್ಟೆಗೆ ಸುರಿಯಿರಿ. ಒಳಗಿನ ಬಿಸಿಗೆ ಬಣ್ಣ ಇನ್ನೂ ಸ್ವಲ್ಪ ಏರುತ್ತದೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ, ಬಿಸಿಯಲ್ಲೇ ಮುಚ್ಚಿದರೆ ಬೆವರಿ ಮೆತ್ತಗಾಗುತ್ತದೆ. ಹೊಗೆಯ ರುಚಿ ಅದಕ್ಕೆ ಬಾರದು, ಆದರೆ ಬಿಳಿ ಗೋಡಂಬಿ ಬಚ್ಚಿಟ್ಟುಕೊಂಡ ಪರಿಮಳವಂತೂ ಹೊರಬರುತ್ತದೆ.